ದಣಿದ ಮೈಗೆ ತಣ್ಣೀರು: ನೋವಿಗೆ ಅಷ್ಟಕ್ಕಷ್ಟೆ, ಜೀವಕ್ಕೆ ಬಹಳ

ನನ್ನ ತಮ್ಮನ ಮಗ ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆ ತಯಾರಿ ನಡೆಸಿದ್ದಾನೆ. 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕಂತೆ. ಬೆಳಗಿನ ಜಾವ ಎದ್ದು ಊರಾಚೆ ರಸ್ತೆಯಲ್ಲಿ ಓಡುತ್ತಾನೆ, ಸಾಯಂಕಾಲ ಕಲ್ಲುಗುಂಡು ಎತ್ತುತ್ತಾನೆ. ಒಂದು ದಿನ ಮೊಪೆಡ್ಡಿನ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಐಸ್ ಗಡ್ಡೆ ತಂದ. ಮನೆಯಲ್ಲೇನು ಮದುವೆಯೇ, ಮುಂಜಿಯೇ ಎಂದು ನಾವು ನೋಡುತ್ತಿದ್ದರೆ, ಅದನ್ನು ಒಡೆದು ನೀಲಿ ಡ್ರಮ್ಮಿನ ನೀರಿಗೆ ಸುರಿದು ಒಳಗೆ ಇಳಿದು ಕೂತ. ಹಲ್ಲು ಕಟಕಟ ಅನ್ನುತ್ತಿತ್ತು.

“ಕ್ರಿಕೆಟ್ ಆಡೋರೆಲ್ಲ ಹಿಂಗೇ ಮಾಡ್ತಾರೆ ದೊಡ್ಡಪ್ಪ. ಮೈಕೈ ನೋವು ಹೋಗ್ತೈತೆ. ನೀನೂ ಒಂದ್ಸಲ ಇಳ್ದು ನೋಡು” ಅಂದ.

ಆಗ ಕಡಲೆಕಾಯಿ ಕೀಳುವ ಕಾಲ. ಎರಡು ದಿನ ಬಗ್ಗಿ ಕೂತು ಗಿಡ ಕಿತ್ತು ನನ್ನ ತೊಡೆಗಳು ಕಲ್ಲಾಗಿದ್ದವು. ಹುಡುಗನನ್ನು ಬೈದೆ, ನಿಜ. ಆದರೆ ಬೈದ ಮೇಲೆ ಯೋಚನೆ ಹತ್ತಿತು. ನಮ್ಮಪ್ಪ ದಣಿದು ಬಂದರೆ ಎಣ್ಣೆ ತಿಕ್ಕಿ ಹಂಡೆಯ ಬಿಸಿನೀರು ಹುಯ್ಯುತ್ತಿದ್ದರು. ಇವನು ಐಸು ಅನ್ನುತ್ತಾನೆ. ಯಾವುದು ಸರಿ?

ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ

ಹೊಸ ಗೊಬ್ಬರ ಬಂದರೆ ನಾವು ನಾಲ್ಕು ಸಾಲು ಹಾಕಿ ನಾಲ್ಕು ಸಾಲು ಬಿಟ್ಟು ನೋಡುತ್ತೇವಲ್ಲ, ಅದೇ ಲೆಕ್ಕ ಹಿಡಿದೆ. ತೊಟ್ಟಿಯ ಕಟ್ಟೆ ಮೇಲೆ ಕೂತು ಎಡಗಾಲನ್ನು ಮಾತ್ರ ತೊಡೆವರೆಗೆ ಡ್ರಮ್ಮಿಗೆ ಬಿಟ್ಟೆ. ರೇಷ್ಮೆ ಹುಳು ಮನೆಯ ಥರ್ಮಾಮೀಟರ್ ಅದ್ದಿ ನೋಡಿದರೆ 14 ಡಿಗ್ರಿ. ಹತ್ತು ನಿಮಿಷ ತಡೆದೆ. ಮೊದಲೆರಡು ನಿಮಿಷ ಮೂಳೆ ಕೊರೆದಂತಾಯಿತು, ಆಮೇಲೆ ಕಾಲು ನನ್ನದೇ ಅಲ್ಲ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಎಡಗಾಲಿನ ನೋವು ಬಲಗಾಲಿಗಿಂತ ಕಡಿಮೆ ಇತ್ತು. ಸುಳ್ಳು ಹೇಳಬಾರದು, ಇತ್ತು. ಮೂರನೆಯ ದಿನ ಎರಡೂ ಒಂದೇ. ಐದನೆಯ ದಿನ ಯಾವುದೂ ಇಲ್ಲ. ಅಂದರೆ ಐಸು ಹಾಕದ ಕಾಲೂ ತಾನಾಗೇ ವಾಸಿಯಾಯಿತು. ಇದು ಒಬ್ಬನ ಎರಡು ಕಾಲಿನ ಕತೆ. ಇದನ್ನೇ ದೊಡ್ಡದಾಗಿ ನೋಡಿದವರಿದ್ದಾರೆ. 2012ರಲ್ಲಿ ಕಾಕ್ರೇನ್ ಎಂಬ ಸಂಸ್ಥೆ ಇಂಥ 17 ಸಣ್ಣ ಪ್ರಯೋಗಗಳನ್ನು ಒಟ್ಟಿಗೆ ಹಾಕಿ ತೂಗಿತು. ಅದರಲ್ಲಿದ್ದವರು ಒಟ್ಟು 366 ಮಂದಿ. ಸುಮ್ಮನೆ ಕೂತವರಿಗಿಂತ ತಣ್ಣೀರಿಗಿಳಿದವರಿಗೆ ಮುಂದಿನ ನಾಲ್ಕು ದಿನ ನೋವು ಕಡಿಮೆ ಎಂದು ಕಂಡಿತು. ಆದರೆ ಸುಸ್ತು ಬೇಗ ಹೋಗುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಇನ್ನೊಂದು ತೊಡಕೂ ಇದೆ. ತಣ್ಣೀರಿಗೆ ಇಳಿದವನಿಗೆ ತಾನು ಇಳಿದದ್ದು ಗೊತ್ತೇ ಇರುತ್ತದೆ. ಗುಣವಾಗುತ್ತದೆ ಎಂಬ ನಂಬಿಕೆಯೇ ಅರ್ಧ ನೋವನ್ನು ಮರೆಸಬಹುದು.

ಆ ನೋವು ಎಲ್ಲಿಂದ?

ಮಧುಗಿರಿ ಬೆಟ್ಟ ಹತ್ತಿಳಿದವರನ್ನು ಕೇಳಿ. ಹತ್ತುವಾಗ ಉಸಿರು ಹೋಗುತ್ತದೆ. ಮಾರನೆ ದಿನ ತೊಡೆ ಹಿಡಿದುಕೊಳ್ಳುವುದು ಹೆಚ್ಚಾಗಿ ಇಳಿದದ್ದರಿಂದ. ಭಾರ ಹೊತ್ತ ಸ್ನಾಯು ಹಿಗ್ಗುತ್ತಾ ತಡೆ ಕೊಡುವಾಗ ಅದರ ಎಳೆಗಳಲ್ಲಿ ಸಣ್ಣ ಸಣ್ಣ ಹರಕು ಬೀಳುತ್ತವೆ. ಅದನ್ನು ರಿಪೇರಿ ಮಾಡಲು ದೇಹ ಹೊರಟಾಗ ನೋವು, ಬಿಗಿ. ಒಂದರಿಂದ ಮೂರು ದಿನದೊಳಗೆ ಅದು ಜೋರು, ಆಮೇಲೆ ಇಳಿಮುಖ. ಮೈಯಲ್ಲಿ ‘ಆಸಿಡ್’ ಸೇರಿಕೊಂಡಿದೆ, ತಣ್ಣೀರು ಅದನ್ನು ತೊಳೆಯುತ್ತದೆ ಎನ್ನುವುದು ತಪ್ಪು. ಆ ಆಮ್ಲ ಕೆಲಸ ಬಿಟ್ಟ ಒಂದೆರಡು ಗಂಟೆಯಲ್ಲಿ ತಾನೇ ಕರಗಿಹೋಗುತ್ತದೆ.

ಹಾಗಾದರೆ ತಣ್ಣೀರು ಏನು ಮಾಡುತ್ತದೆ? ರಕ್ತನಾಳವನ್ನು ಕುಗ್ಗಿಸುತ್ತದೆ, ನರವನ್ನು ಮರಗಟ್ಟಿಸುತ್ತದೆ. ನೋವು ಕಡಿಮೆ ಕಾಣುತ್ತದೆ. ರಿಪೇರಿ ಬೇಗ ಮುಗಿಯಿತು ಅಂತ ಅರ್ಥವಲ್ಲ.

ಇದಕ್ಕೊಂದು ಸಾಕ್ಷಿ ಇದೆ. 2015ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಯುವಕರಿಗೆ 12 ವಾರ ತೊಡೆಯ ಕಸರತ್ತು ಮಾಡಿಸಿದರು. ಪ್ರತಿ ಸಲ ಕಸರತ್ತಾದ ಮೇಲೆ ಕೆಲವರು 10 ಡಿಗ್ರಿ ನೀರಿನಲ್ಲಿ 10 ನಿಮಿಷ ಕೂತರು. ಉಳಿದವರು ಹಗುರಾಗಿ ಸೈಕಲ್ ತುಳಿದರು. ಕೊನೆಗೆ ನೋಡಿದರೆ ತಣ್ಣೀರಿನವರ ಸ್ನಾಯು ಉಳಿದವರಷ್ಟು ಬೆಳೆದಿರಲಿಲ್ಲ, ಶಕ್ತಿಯೂ ಅಷ್ಟು ಏರಿರಲಿಲ್ಲ. ಇದನ್ನು ನಮ್ಮ ಹುಡುಗನಿಗೆ ಹೇಳಿದೆ. ಕಲ್ಲುಗುಂಡು ಎತ್ತಿ ಬಲ ಕೂಡಿಸಿಕೊಳ್ಳುವ ದಿನ ಐಸಿಗೆ ಇಳಿದರೆ, ಬಿತ್ತಿದ್ದನ್ನು ನೀನೇ ಕಿತ್ತ ಹಾಗೆ. ಮೇಲಿಂದ ಮೇಲೆ ಪರೀಕ್ಷೆ, ಪಂದ್ಯ ಇದ್ದಾಗ ಬೇಕಾದರೆ ಇಳಿ ಅಂದೆ.

ನಮ್ಮಂಥವರ ಲೆಕ್ಕ

ಖರ್ಚೂ ನೋಡೋಣ. ನಮ್ಮ ಬೋರಿನ ನೀರು ಮೇಲೆ ಬಂದಾಗ 27 ಡಿಗ್ರಿ. 150 ಲೀಟರನ್ನು 27ರಿಂದ 14ಕ್ಕೆ ಇಳಿಸಲು ಸುಮಾರು 20 ಕಿಲೋ ಐಸು ಬೇಕು. ದಿನಾ ಅಷ್ಟು ಐಸು ತಂದು ಮೀಯಲು ನಾವೇನು ಕ್ರಿಕೆಟ್ ಆಡುವವರೇ? ತೊಟ್ಟಿ ನೀರಿನಲ್ಲೇ ಹತ್ತು ಹದಿನೈದು ನಿಮಿಷ ಸೊಂಟದವರೆಗೆ ಕೂತರೆ ಮೈ ಹಗುರಾಗುತ್ತದೆ. ಐಸಿನಷ್ಟು ಅಲ್ಲ, ಆದರೆ ಬಿಟ್ಟಿ. ಹಂಡೆ ನೀರು ಹಿತ ಅನ್ನುವವರಿಗೆ ಹಂಡೆ ನೀರೇ ಇರಲಿ. ಅದರಲ್ಲಿ ಜಗಳವಿಲ್ಲ.

ನನ್ನ ಜಗಳ ಇರುವುದು ಮಾತ್ರೆಯ ಜೊತೆ. ಕಟಾವಿನ ಕಾಲದಲ್ಲಿ ನೋಡಿ, ಸಂಜೆ ಆದರೆ ಅಂಗಡಿಯಿಂದ ನೋವಿನ ಮಾತ್ರೆ. ಇವತ್ತು ಒಂದು, ನಾಳೆ ಎರಡು. ಬಿಸಿಲಲ್ಲಿ ಬೆವರು ಸುರಿಸಿ, ನೀರು ಸಾಲದೆ ಒಣಗಿದ ಮೈಗೆ ಆ ಮಾತ್ರೆಗಳು ಬಿದ್ದರೆ ಪೆಟ್ಟು ಮೂತ್ರಪಿಂಡಕ್ಕೆ. ಹೊಟ್ಟೆಯಲ್ಲಿ ಹುಣ್ಣೂ ಆಗಬಹುದು. ಮಾತ್ರೆಯ ಬದಲು ತೊಟ್ಟಿಗೆ ಇಳಿಯುವುದಾದರೆ ನಾನು ಕೈಯೆತ್ತಿ ಒಪ್ಪುತ್ತೇನೆ. ವಿಶ್ರಾಂತಿಯ ಬದಲು ಅಂದರೆ ಒಪ್ಪುವುದಿಲ್ಲ.

ಹೊಸ ಹೋರಿಯನ್ನು ಮೊದಲ ದಿನವೇ ಬೆಳಗಿಂದ ಸಂಜೆವರೆಗೆ ನೇಗಿಲಿಗೆ ಹೂಡುತ್ತೇವೆಯೇ? ಒಂದು ಗಂಟೆ, ಮರುದಿನ ಎರಡು ಗಂಟೆ, ಹೀಗೆ ಪಳಗಿಸುತ್ತೇವೆ. ನಮ್ಮ ಮೈಗೆ ಮಾತ್ರ ಆ ಕರುಣೆ ಇಲ್ಲ. ಬೇಸಿಗೆ ಪೂರ್ತಿ ಕೂತು, ಒಂದೇ ದಿನ ಹಾರೆ ಗುದ್ದಲಿ ಹಿಡಿದು ಗುಂಡಿ ತೆಗೆಯಲು ನಿಲ್ಲುತ್ತೇವೆ. ಒಮ್ಮೆ ಸ್ವಲ್ಪ ನೋವುಂಡ ಸ್ನಾಯು ಎರಡನೆಯ ಸಲ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಸುಗ್ಗಿಯ ಮೊದಲ ಎರಡು ಮೂರು ದಿನ ಅರ್ಧ ಹೊತ್ತು ದುಡಿಯಿರಿ. ಮುಯ್ಯಾಳು ಸಿಕ್ಕರೆ ಬಗ್ಗುವ ಕೆಲಸ, ಹೊರುವ ಕೆಲಸವನ್ನು ಬದಲಾಯಿಸಿಕೊಳ್ಳಿ. ಇದು ಯಾವ ಐಸಿಗಿಂತಲೂ ಮೇಲು.

ಇನ್ನೊಂದು ಮಾತು. ವಾರ ಕಳೆದರೂ ಬಿಡದ ನೋವು ದಣಿವಿನ ನೋವಲ್ಲ. ಪಾವಗಡ, ಶಿರಾ, ಮಧುಗಿರಿ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ. ಲೀಟರಿಗೆ ಒಂದೂವರೆ ಮಿಲಿಗ್ರಾಮ್ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನು, ಮಂಡಿ ಗಟ್ಟಿಯಾಗಿ ಬಗ್ಗದಂತಾಗುತ್ತವೆ. ಅದಕ್ಕೆ ತಣ್ಣೀರೂ ಇಲ್ಲ, ಬಿಸಿನೀರೂ ಇಲ್ಲ. ಕುಡಿಯುವ ನೀರು ಬದಲಾಗಬೇಕು, ಡಾಕ್ಟರಿಗೆ ತೋರಿಸಬೇಕು.

ಇಪ್ಪತ್ತು ಹೆಜ್ಜೆ ದೂರದ ತೊಟ್ಟಿ

ಇಷ್ಟು ಬರೆದದ್ದು ಮುಂದಿನ ಮಾತಿಗಾಗಿ. ಕೆಲವು ವರ್ಷದ ಹಿಂದೆ ಏಪ್ರಿಲ್ ತಿಂಗಳು. ನಮ್ಮ ಹೊಲದಲ್ಲಿ ಬದು ಹಾಕುವ ಕೆಲಸ. ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಒಬ್ಬ ಆಳು ಏನೇನೋ ತೊದಲಲು ಶುರು ಮಾಡಿದ. ಗುದ್ದಲಿ ಎತ್ತಿದವನು ತೂರಾಡಿ ಬಿದ್ದ. ಮೈ ಮುಟ್ಟಿದರೆ ಕಾದ ಹೆಂಚು. ನಾವು ಮುಖಕ್ಕೆ ನೀರು ಚಿಮುಕಿಸಿ, ಹುಣಸೆಮರದ ಕೆಳಗೆ ಮಲಗಿಸಿ, ಆಟೋಗೆ ಕಾದೆವು. ಯಾರೋ “ತೊಟ್ಟಿಗಿಳಿಸ್ರಪ್ಪ” ಅಂದರು. “ಕಾದ ಮೈಗೆ ತಣ್ಣೀರು ಹಾಕಿದ್ರೆ ಜನ್ನಿ ಬರ್ತೈತೆ” ಅಂತ ತಡೆದವನು ನಾನೇ. ಆಟೋ ಬಂದದ್ದು ಮುಕ್ಕಾಲು ಗಂಟೆಯ ಮೇಲೆ. ಆತ ಬದುಕಿದ. ಆದರೆ ಮೊದಲಿನ ಆಳು ಮತ್ತೆ ಆಗಲಿಲ್ಲ. ಅರ್ಧ ದಿನಕ್ಕೇ ಕೂತುಬಿಡುತ್ತಾನೆ.

ತುಂಬಿದ ತೊಟ್ಟಿ ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು.

ಆಮೇಲೆ ತಿಳಿಯಿತು. ಬಿಸಿಲಲ್ಲಿ ದುಡಿದು ಮೈಯೊಳಗಿನ ಶಾಖ 40 ಡಿಗ್ರಿ ದಾಟಿ ಬುದ್ಧಿ ತಪ್ಪಿದವನಿಗೆ ತಣ್ಣೀರಿನಲ್ಲಿ ಮುಳುಗಿಸುವುದೇ ಮೊದಲ ಮದ್ದು. ಮೊದಲು ತಣಿಸು, ಆಮೇಲೆ ಸಾಗಿಸು ಎನ್ನುವುದು ವೈದ್ಯರ ನಿಯಮ. ಮೊದಲ ಅರ್ಧ ಗಂಟೆಯೊಳಗೆ ಶಾಖ ಇಳಿಯಬೇಕು. ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಮೈಯ ಶಾಖ ಎಳೆಯುತ್ತದೆ. ಹಾಗಾಗಿ ಐಸು ಇಲ್ಲದಿದ್ದರೂ ನಮ್ಮ ತೊಟ್ಟಿ ನೀರು ಕೆಲಸಕ್ಕೆ ಬರುತ್ತದೆ.

ಮಾಡುವುದು ಇಷ್ಟೇ. ಒಬ್ಬರು 108ಕ್ಕೆ ಫೋನ್ ಮಾಡಲಿ. ಇಬ್ಬರು ಕಂಕುಳಿಗೆ ಕೈಹಾಕಿ ಹಿಡಿದು ಕುತ್ತಿಗೆವರೆಗೆ ನೀರಿಗಿಳಿಸಲಿ, ತಲೆ ಮೇಲೇ ಇರಲಿ, ನೀರನ್ನು ಕದಡುತ್ತಿರಲಿ. ತೊಟ್ಟಿ ಇಲ್ಲದಿದ್ದರೆ ಮೋಟಾರಿನ ಪೈಪು ಹಿಡಿಯಿರಿ. ಅದೂ ಇಲ್ಲದಿದ್ದರೆ ಮೈತುಂಬ ಒದ್ದೆ ಬಟ್ಟೆ ಹೊದಿಸಿ, ಮೇಲಿಂದ ಮೇಲೆ ನೀರು ಹಾಕುತ್ತಾ ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹುಯ್ಯಬೇಡಿ. ಮಾತು ಸರಿಯಾಗಿ ಬಂದರೆ, ಇಲ್ಲವೇ ನಡುಕ ಹುಟ್ಟಿದರೆ, ಮೇಲೆತ್ತಿ. ಆಮೇಲೂ ಆಸ್ಪತ್ರೆಗೆ ಹೋಗಲೇಬೇಕು.

ನೋವಿಗೆಂದು ನೀರಿಗಿಳಿಯುವವರಿಗೂ ಎಚ್ಚರ ಬೇಕು. ಹೃದಯದ ತೊಂದರೆ, ಬಿಪಿ ಇರುವವರು, ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು ಐಸಿನ ತಂಟೆಗೆ ಹೋಗಬೇಡಿ. ದಣಿದು ಬಂದವರು ಬಾವಿಗೆ ಧುಮುಕಬೇಡಿ. ತಣ್ಣೀರಿನ ಪೆಟ್ಟಿಗೆ ಉಸಿರು ಕಟ್ಟಿ ಈಜು ಬಲ್ಲವರೂ ಮುಳುಗುತ್ತಾರೆ. ಒಬ್ಬರೇ ಇಳಿಯಲೇಬೇಡಿ.

ಈಗ ನಮ್ಮ ಹೊಲದಲ್ಲಿ ಮಾರ್ಚ್‌ನಿಂದ ಮೇವರೆಗೆ ಒಂದು ಕಟ್ಟು ಇದೆ. ಬೆಳಿಗ್ಗೆ ಆರಕ್ಕೆ ಕೆಲಸ ಶುರು, ಹನ್ನೊಂದಕ್ಕೆ ಬಂದ್. ಮಜ್ಜಿಗೆಗೆ ಉಪ್ಪು ಹಾಕಿ ಕೊಡುತ್ತೇವೆ. ಮೂರು ಫೇಸ್ ಕರೆಂಟು ಬಂದಾಗ ಮೊದಲು ತೊಟ್ಟಿ ತುಂಬಿಸುತ್ತೇನೆ, ಆಮೇಲೆ ಗಿಡಕ್ಕೆ ನೀರು. ತಮ್ಮನ ಮಗ ನಗುತ್ತಾನೆ, “ದೊಡ್ಡಪ್ಪ, ಐಸ್ ಬೇಡ ಅಂದೋನು ನೀನೇ, ದಿನಾ ತೊಟ್ಟಿ ತುಂಬ್ಸೋನೂ ನೀನೇ” ಅಂತ.

ನಗಲಿ. ನಿಮ್ಮ ಹೊಲದ ತೊಟ್ಟಿಯಲ್ಲಿ ಇವತ್ತು ನೀರಿದೆಯೇ, ನೋಡಿಕೊಳ್ಳಿ. ಬಿಸಿಲು ಹೊಡೆದವರನ್ನು ಹೀಗೆ ಉಳಿಸಿಕೊಂಡ ಅನುಭವ ಯಾರಿಗಾದರೂ ಇದ್ದರೆ ಪತ್ರಿಕೆಗೆ ಬರೆಯಿರಿ. ನಾನು ತಡೆದ ಹಾಗೆ ಇನ್ನೊಬ್ಬರು ತಡೆಯುವುದು ಬೇಡ.