ಆಟದ ಅವಧಿ

ಶಾಲೆಯ ವೇಳಾಪಟ್ಟಿಯಲ್ಲಿ ಎಲ್ಲ ಅವಧಿಗಳೂ ಒಂದೇ ಅಳತೆಯ ಚೌಕಗಳಾಗಿ ಕಾಣುತ್ತವೆ. ಗಣಿತಕ್ಕೆ ಎಷ್ಟು ಅಗಲದ ಮನೆಯೋ ದೈಹಿಕ ಶಿಕ್ಷಣಕ್ಕೂ ಅಷ್ಟೇ ಅಗಲದ ಮನೆ. ಆದರೆ ವರ್ಷ ಕಳೆದಂತೆ ಈ ಎರಡು ಮನೆಗಳ ಬಾಳುವೆ ಬೇರೆಬೇರೆಯಾಗುತ್ತದೆ. ಗಣಿತದ ಅವಧಿಯನ್ನು ಆಟಕ್ಕಾಗಿ ಬಿಟ್ಟುಕೊಟ್ಟ ಶಾಲೆಯನ್ನು ಕಂಡವರು ವಿರಳ. ಆಟದ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡದ ಶಾಲೆಯನ್ನು ಕಂಡವರೂ ವಿರಳವೇ. ಪಾಠ ಮುಗಿದಿಲ್ಲವೆಂದರೆ ಆಟದ ಅವಧಿ, ಪರೀಕ್ಷೆ ಹತ್ತಿರ ಬಂದಿತೆಂದರೆ ಆಟದ ಅವಧಿ, ಸಭೆಗೆ ಕುರ್ಚಿ ಜೋಡಿಸಬೇಕೆಂದರೂ ಆಟದ ಅವಧಿಯೇ. ಕೇಳಿದವರಿಗೆಲ್ಲ ಸಾಲ ಕೊಟ್ಟು ತಾನು ಬರಿಗೈಯಾದ ಬಡವನಂತೆ ಅದು ಪಟ್ಟಿಯ ಮೂಲೆಯಲ್ಲಿ ಉಳಿದುಕೊಂಡಿರುತ್ತದೆ.

ರಾಯಚೂರು ಜಿಲ್ಲೆಯ ಸಿರವಾರವು ಹಿಂದೆ ಮಾನ್ವಿ ತಾಲ್ಲೂಕಿಗೆ ಸೇರಿದ್ದ ಊರು. ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರ. ಕೃಷ್ಣೆ ತುಂಗಭದ್ರೆಯರ ನಡುವಣ ಈ ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಟ್ಟಿದ ಕಡೆ ಭತ್ತ, ಮುಟ್ಟದ ಕಡೆ ಹತ್ತಿ, ಜೋಳ, ತೊಗರಿ. ಕಾಲುವೆಯ ಕೊನೆಯ ಭಾಗದ ರೈತನ ಪಾಡನ್ನು ಇಲ್ಲಿನ ಮಕ್ಕಳಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಮೇಲ್ಭಾಗದವರು ಬೇಕಾದಷ್ಟು ಬಳಸಿಕೊಂಡ ಮೇಲೆ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಶಾಲೆಗಳಲ್ಲಿ ಆಟವೂ ಬಹುಮಟ್ಟಿಗೆ ಹೀಗೆಯೇ ಹರಿಯುತ್ತದೆ. ಮೊದಲು ಓಟದಲ್ಲಿ ಮುಂದಿರುವ ನಾಲ್ಕಾರು ಹುಡುಗರಿಗೆ. ಅವರಿಂದ ಉಳಿದರೆ ಮಿಕ್ಕ ಹುಡುಗರಿಗೆ. ಆಮೇಲೂ ಉಳಿದರೆ ಹುಡುಗಿಯರಿಗೆ. ಮೈಭಾರದವನು, ಕಾಲಿನ ಊನವುಳ್ಳವನು, ನಾಲ್ಕು ಹೆಜ್ಜೆ ಓಡುವಷ್ಟರಲ್ಲಿ ಏದುಸಿರು ಬಿಡುವವಳು, ಇವರ ಹೊಲಕ್ಕೆ ನೀರು ಬರುವುದೇ ಇಲ್ಲ. ಅವರು ಬೇವಿನ ಮರದ ನೆರಳಿನಲ್ಲಿ ಕುಳಿತು ಇತರರ ಪುಸ್ತಕದ ಚೀಲ ಕಾಯುತ್ತಾರೆ.

ಕ್ರೀಡಾಕೂಟಗಳನ್ನು ದೂಷಿಸುವುದು ಇಲ್ಲಿನ ಉದ್ದೇಶವಲ್ಲ. ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಸ್ಪರ್ಧೆಗಳಿಲ್ಲದಿದ್ದರೆ ಹಳ್ಳಿಯ ಮೂಲೆಯಲ್ಲಿರುವ ಓಟಗಾರ್ತಿಯನ್ನು ಗುರುತಿಸುವವರು ಯಾರು? ಆದರೆ ಲೆಕ್ಕವನ್ನೂ ನೋಡಬೇಕು. ಕಬಡ್ಡಿಯ ಅಂಕಣದಲ್ಲಿ ಒಂದು ತಂಡಕ್ಕೆ 7 ಮಂದಿ, ಖೋ ಖೋದಲ್ಲಿ 9 ಮಂದಿ. ಮುನ್ನೂರು ಮಕ್ಕಳ ಶಾಲೆಯೊಂದು ಎರಡೂ ಆಟಗಳಿಗೆ ಹುಡುಗರ ತಂಡವನ್ನೂ ಹುಡುಗಿಯರ ತಂಡವನ್ನೂ ಕಳುಹಿಸಿತೆಂದುಕೊಂಡರೂ ಕಣಕ್ಕಿಳಿಯುವವರು 32. ಆ 32 ಮಂದಿಯ ತರಬೇತಿಯೇ ಶಾಲೆಯ ದೈಹಿಕ ಶಿಕ್ಷಣವೆಂದು ಕರೆಯಿಸಿಕೊಂಡರೆ, ಉಳಿದ 268 ಮಕ್ಕಳಿಗೆ ಸಲ್ಲಬೇಕಾದುದನ್ನು ಯಾರು ಕೊಡಬೇಕು?

ಕೆಲವರನ್ನು ಆರಿಸಿ ಬೆಳೆಸುವ ವಿದ್ಯೆ ಈ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲರ ವಿಚಾರವಾಗಿಯೇ ಒಂದು ಭಾಗವುಂಟು. ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಮಲ್ಲರನ್ನು ವಿಂಗಡಿಸುವುದು, ಅವರ ಆಹಾರ, ಅವರ ಸಾಧನೆ, ಇವೆಲ್ಲ ಅದರಲ್ಲಿ ಬಂದಿವೆ. ಆದರೆ ಅದರ ಹೆಸರೇ ‘ವಿನೋದ’. ಮಲ್ಲರು ಹೋರಾಡುವುದು, ಅರಸನು ನೋಡಿ ಸಂತೋಷಪಡುವುದು. ಇಂದಿಗೂ ಕಾರ ಹುಣ್ಣಿಮೆಯ ವೇಳೆಗೆ ರಾಯಚೂರಿನಲ್ಲಿ ನಡೆಯುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲನ್ನು ಎಳೆಯುತ್ತವೆ, ಜಟ್ಟಿಗಳು ಕುಸ್ತಿಗೆ ಇಳಿಯುತ್ತಾರೆ, ಸುತ್ತಲಿನ ಜನ ಕಿಕ್ಕಿರಿದು ನೋಡುತ್ತಾರೆ. ಅರಮನೆಗೂ ಹಬ್ಬಕ್ಕೂ ಅದು ಒಪ್ಪುವ ಏರ್ಪಾಡು. ಶಾಲೆ ಅರಮನೆಯಲ್ಲ, ಅಲ್ಲಿ ನೋಡುವವರಿಗೆಂದು ಬೇರೆ ಆಸನ ಹಾಕುವ ಅಗತ್ಯವಿಲ್ಲ.

ದೈಹಿಕ ಶಿಕ್ಷಕರನ್ನು ಸಮಾಜ ಕಾಣುವ ಬಗೆಯೂ ಇದಕ್ಕೆ ಕಾರಣ. ಬ್ರಿಟಿಷರ ಕಾಲದ ಶಾಲೆಗಳಲ್ಲಿ ವ್ಯಾಯಾಮವೆಂದರೆ ಹೆಚ್ಚಾಗಿ ಸೈನ್ಯದಿಂದ ನಿವೃತ್ತರಾದವರು ಮಾಡಿಸುತ್ತಿದ್ದ ಕವಾಯತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬುವರು ಮದರಾಸಿನಲ್ಲಿ ವೈ.ಎಂ.ಸಿ.ಎ. ಆಶ್ರಯದಲ್ಲಿ ದೈಹಿಕ ಶಿಕ್ಷಕರ ತರಬೇತಿ ಸಂಸ್ಥೆಯನ್ನು ಆರಂಭಿಸಿದ ಮೇಲೆ ಈ ವೃತ್ತಿಗೆ ಒಂದು ಶಾಸ್ತ್ರದ ರೂಪ ಬಂದಿತು. ಆದರೂ ಕವಾಯತಿನ ನೆನಪು ಮಾಸಲಿಲ್ಲ. ದೈಹಿಕ ಶಿಕ್ಷಕರೆಂದರೆ ಸೀಟಿ ಊದಿ ಪ್ರಾರ್ಥನೆಯ ಸಾಲು ನೆಟ್ಟಗೆ ನಿಲ್ಲಿಸುವವರು, ಗಲಾಟೆ ಮಾಡುವವರನ್ನು ಹಿಡಿದು ತರುವವರು, ರಾಷ್ಟ್ರೀಯ ಹಬ್ಬಗಳಿಗೆ ಪಥಸಂಚಲನ ಕಲಿಸುವವರು ಎಂದೇ ಜನರ ಎಣಿಕೆ. ರಾಯಚೂರು ಕಡೆಯ ಶಾಲೆಗಳಿಗೆ ಉಳಿದ ಕರ್ನಾಟಕಕ್ಕಿಂತ ಒಂದು ದಿನ ಹೆಚ್ಚೇ ಉಂಟು: ನಿಜಾಮನ ಆಳ್ವಿಕೆ 1948ರಲ್ಲಿ ಕೊನೆಗೊಂಡುದರ ನೆನಪಿಗೆ ಸೆಪ್ಟೆಂಬರ್ 17. ಕವಾಯತು ಕಣ್ಣಿಗೆ ಚೆಂದ, ಶಿಸ್ತಿಗೂ ಒಳ್ಳೆಯದು. ಆದರೆ ಅದರಲ್ಲಿ ಮಗು ಹೇಳಿದಂತೆ ಕೇಳುವುದನ್ನು ಕಲಿಯುತ್ತದೆಯೇ ಹೊರತು ತಾನೇ ನಿರ್ಧರಿಸುವುದನ್ನಲ್ಲ.

ಹಳ್ಳಿಯ ಮಕ್ಕಳಿಗೆ ವ್ಯಾಯಾಮವೆಂಬ ಬೇರೆ ಪಾಠವೇಕೆ ಎಂದು ಕೇಳುವವರುಂಟು. ಬೆಳಗ್ಗೆ ಕೊಡ ಹೊತ್ತು ನೀರು ತಂದು, ಸಗಣಿ ಬಳಿದು ಶಾಲೆಗೆ ಬರುವ ಹುಡುಗಿ, ಹತ್ತಿ ಬಿಡಿಸುವ ದಿನಗಳಲ್ಲಿ ತಾಯಿಯೊಡನೆ ಹೊಲಕ್ಕೂ ಹೋಗುವ ಹುಡುಗಿ, ಇವಳಿಗೆ ಇನ್ನೆಂಥ ಅಂಗಸಾಧನೆ? ಈ ಪ್ರಶ್ನೆ ಕರುಣೆಯಿಂದಲೇ ಹುಟ್ಟಿದ್ದು, ಹಗುರಾಗಿ ತಳ್ಳಿಹಾಕತಕ್ಕದ್ದಲ್ಲ. ಆದರೆ ದುಡಿಮೆಗೂ ಆಟಕ್ಕೂ ಇರುವ ಅಂತರವನ್ನು ಅದು ಮರೆಯುತ್ತದೆ. ಹತ್ತಿ ಬಿಡಿಸುವವಳ ಬೆನ್ನು ಹಗಲೆಲ್ಲ ಒಂದೇ ಕಡೆಗೆ ಬಾಗಿರುತ್ತದೆ. ಬೆರಳುಗಳು ಒಂದೇ ಕೆಲಸವನ್ನು ಸಾವಿರ ಸಲ ಮಾಡುತ್ತವೆ. ಕೊಡ ಹೊತ್ತವಳ ಕತ್ತೂ ಸೊಂಟವೂ ಬಿಗಿದುಕೊಂಡಿರುತ್ತವೆ. ದುಡಿಮೆ ದೇಹವನ್ನು ಒಂದು ಕೆಲಸಕ್ಕೆ ಒಗ್ಗಿಸುತ್ತದೆ. ಆಟದಲ್ಲಿ ದೇಹ ಓಡುತ್ತದೆ, ತಟ್ಟನೆ ನಿಲ್ಲುತ್ತದೆ, ಹೊರಳುತ್ತದೆ, ಜಿಗಿಯುತ್ತದೆ. ಶ್ವಾಸಕೋಶ ಅರಳುತ್ತದೆ, ಕೀಲುಗಳು ಎಲ್ಲ ದಿಕ್ಕಿಗೂ ಸಡಿಲವಾಗುತ್ತವೆ. ಇದಕ್ಕಿಂತ ದೊಡ್ಡ ವ್ಯತ್ಯಾಸ ಮನಸ್ಸಿನದು. ಹೊಲದಲ್ಲಿ ಕೂಲಿಯ ಲೆಕ್ಕವುಂಟು, ಮೇಲೆ ನಿಂತವರ ಕಣ್ಣುಂಟು. ಬಯಲಿನಲ್ಲಿ ಸೋತರೂ ಸಂಜೆಯ ರೊಟ್ಟಿಗೆ ಕುತ್ತಿಲ್ಲ. ತಪ್ಪು ಮಾಡಿದ ಮೇಲೂ ಬೈಸಿಕೊಳ್ಳದೆ ಮತ್ತೊಮ್ಮೆ ಪ್ರಯತ್ನಿಸಬಹುದಾದ ಜಾಗ, ಎಷ್ಟೋ ಮಕ್ಕಳಿಗೆ ದಿನದಲ್ಲಿ ಅದೊಂದೇ.

ಹುಡುಗಿಯರ ವಿಷಯದಲ್ಲಿ ಈ ಮಾತು ಇನ್ನೂ ನಿಜ. ಹುಡುಗನಿಗೆ ಶಾಲೆ ಬಿಟ್ಟ ಮೇಲೆ ಬೀದಿಯುಂಟು, ಕೆರೆಯ ಅಂಗಳವುಂಟು, ಬೆಳೆ ಕೊಯ್ದ ಹೊಲವುಂಟು. ಒಂಬತ್ತನೆಯ ತರಗತಿಗೆ ಬಂದ ಹುಡುಗಿ ಬೀದಿಯಲ್ಲಿ ಕುಂಟಾಬಿಲ್ಲೆ ಆಡಿದರೆ ‘ಇಷ್ಟು ದೊಡ್ಡವಳಾಗಿ’ ಎಂಬ ಮಾತು ಕಟ್ಟೆಯ ಮೇಲಿಂದ ಬಂದೇಬರುತ್ತದೆ. ಅವಳು ನಾಲ್ಕು ಜನರೆದುರು ಓಡಬಹುದಾದ ಕೊನೆಯ ಸ್ಥಳ ಶಾಲೆಯ ಆವರಣ. ಅಲ್ಲಿಯೂ ಅವಧಿ ಕಳೆದುಹೋದರೆ ಅವಳ ಓಟ ಅಲ್ಲಿಗೇ ಮುಗಿಯಿತು. ಇದು ಸಿರವಾರದ ಸೀಮೆಗೆ ಮಾತ್ರ ಸೀಮಿತವಾದುದಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು 146 ದೇಶಗಳ, 11ರಿಂದ 17 ವಯಸ್ಸಿನ ಶಾಲಾ ವಿದ್ಯಾರ್ಥಿಗಳನ್ನು ಕುರಿತು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಿನಕ್ಕೆ ಒಂದು ಗಂಟೆಯಷ್ಟೂ ಮೈಯಾಡಿಸದವರು ಹುಡುಗರಲ್ಲಿ ನೂರಕ್ಕೆ 78, ಹುಡುಗಿಯರಲ್ಲಿ ನೂರಕ್ಕೆ 85. ಅವಕಾಶ ದೊರೆತಾಗ ಏನಾಗುತ್ತದೆಂಬುದಕ್ಕೂ ನಿದರ್ಶನ ದೂರದಲ್ಲಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಅಂತಿಮ ಪಂದ್ಯದಲ್ಲಿ ನೇಪಾಳವನ್ನು ಸೋಲಿಸಿ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರೆಂಬ ಹಳ್ಳಿಯ ಬಿ. ಚೈತ್ರಾ ಇದ್ದರು.

ಖೋ ಖೋವಿಗೆ ಬೇಕಾದುದು ಎರಡು ಕಂಬ, ಸ್ವಲ್ಪ ಸುಣ್ಣದ ಪುಡಿ, 27 ಮೀಟರ್ ಉದ್ದ 16 ಮೀಟರ್ ಅಗಲದ ನೆಲ. ಅದರ ನಿಯಮವನ್ನು ಗಮನಿಸಿದರೆ ಒಂದು ಸೊಗಸು ತೋರುತ್ತದೆ. ಬೆನ್ನಟ್ಟುವವನು ನಡುಗೆರೆಯನ್ನು ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ. ಎಂಥ ವೇಗದ ಓಟಗಾರನಾದರೂ ಒಬ್ಬನೇ ಗೆಲ್ಲಲಾರ. ಕುಳಿತವನ ಬೆನ್ನು ಮುಟ್ಟಿ ‘ಖೋ’ ಎನ್ನಲೇಬೇಕು, ತನ್ನ ಜಾಗವನ್ನು ಅವನಿಗೆ ಬಿಟ್ಟುಕೊಡಲೇಬೇಕು. ಕಬಡ್ಡಿಯಲ್ಲಿ ಔಟಾಗಿ ಹೊರಹೋದವನನ್ನು ಅವನ ತಂಡದವರು ಎದುರಾಳಿಯನ್ನು ಔಟುಮಾಡಿ ಮರಳಿ ಕರೆತರುತ್ತಾರೆ. ಕೇರಿಗೂ ಕೇರಿಗೂ ನಡುವೆ ಮುಟ್ಟಲು ಹಿಂಜರಿಯುವ ಕಟ್ಟಳೆ ಇನ್ನೂ ಪೂರ್ತಿ ಅಳಿಯದ ಊರುಗಳಲ್ಲಿ, ಮುಟ್ಟದೆ ಆಡಲಾಗದ ಈ ಎರಡು ಆಟಗಳು ಮಾಡುವ ಕೆಲಸ ಭಾಷಣಗಳಿಂದ ಆಗತಕ್ಕದ್ದಲ್ಲ.

ಬಯಲಿನ ತೊಂದರೆ ಇಲ್ಲವೆನ್ನಲಾಗದು. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಗೆ ಇರಲೇಬೇಕಾದವುಗಳ ಪಟ್ಟಿಯಲ್ಲಿ ಆಟದ ಮೈದಾನವನ್ನೂ ಸೇರಿಸಿದೆ. ಆದರೆ ಎರೆಭೂಮಿಯ ಸ್ವಭಾವ ಕಾಯಿದೆಗೆ ತಿಳಿಯದು. ಕ್ರೀಡಾಕೂಟಗಳು ಮಳೆಗಾಲದಲ್ಲೇ ಆರಂಭವಾಗುತ್ತವೆ. ಆಗ ಎರೆಮಣ್ಣು ಪಾದಕ್ಕೆ ಸೇರುಗಟ್ಟಲೆ ಮೆತ್ತಿಕೊಳ್ಳುತ್ತದೆ. ಬೇಸಗೆಯಲ್ಲಿ ಅದೇ ನೆಲ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಮೇಲೆ ಗರಸು ಹರಡಿ, ನೀರು ನಿಲ್ಲದಂತೆ ಅಂಚಿಗೆ ಕಾಲುವೆ ತೋಡಿದರೆ ಅರ್ಧ ಕಷ್ಟ ತೀರುತ್ತದೆ. ಊರಿನವರು ಜಾತ್ರೆಯ ಅಂಗಳಕ್ಕೆ ತೋರುವ ಉತ್ಸಾಹದಲ್ಲಿ ಒಂದು ಪಾಲನ್ನು ಶಾಲೆಯ ಅಂಗಳಕ್ಕೆ ಮೀಸಲಿಟ್ಟರೆ ಒಂದೆರಡು ದಿನದ ಕೆಲಸ. ಇನ್ನು ಬಿಸಿಲು: ಮಾರ್ಚ್ ಬಂದಮೇಲೆ ರಾಯಚೂರಿನ ಮಧ್ಯಾಹ್ನದಲ್ಲಿ ಮಕ್ಕಳನ್ನು ಓಡಿಸುವುದು ಅವಿವೇಕ. ಆಟದ ಅವಧಿಯನ್ನು ದಿನದ ಕೊನೆಗೆ ತಳ್ಳುವ ಅಭ್ಯಾಸವನ್ನು ಬಿಟ್ಟು, ಆ ತಿಂಗಳುಗಳಲ್ಲಿ ಬೆಳಗಿನ ಮೊದಲ ಗಂಟೆಗೆ ತರಬಹುದು.

ಬರಿಯ ಹೊಟ್ಟೆಯಲ್ಲಿ ಆಡಿಸಿದರೆ ಆಟವೂ ಶಿಕ್ಷೆಯೇ. 2021ರ ಡಿಸೆಂಬರಿನಲ್ಲಿ ಸರ್ಕಾರವು ಶಾಲಾ ಮಕ್ಕಳಿಗೆ ಮೊಟ್ಟೆ ಕೊಡುವುದನ್ನು ಆರಂಭಿಸಿದಾಗ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ರಾಯಚೂರೂ ಒಂದಾಗಿತ್ತು. ಮಕ್ಕಳ ಅಪೌಷ್ಟಿಕತೆಯೇ ಅದಕ್ಕೆ ಕಾರಣ. ರಕ್ತಹೀನತೆಯಿಂದ ಬಳಲುವ ಹುಡುಗಿ ತರಗತಿಯಲ್ಲಿ ಕುಳಿತಿರುವಾಗ ಎಲ್ಲರಂತೆಯೇ ಕಾಣುತ್ತಾಳೆ. ಬಯಲಿನಲ್ಲಿ ಎರಡು ಸುತ್ತು ಓಡಿದಾಗ ಅವಳ ತುಟಿ ಬಿಳಿಚುವುದನ್ನು ಮೊದಲು ಕಾಣುವವರು ದೈಹಿಕ ಶಿಕ್ಷಕರು. ಅವಳನ್ನು ಓಡಿಸದೆ ಮರದಡಿ ಕುಳ್ಳಿರಿಸಿದರೆ ಆ ಕಾಯಿಲೆಯೂ ಅವಳೊಡನೆ ಸದ್ದಿಲ್ಲದೆ ಕುಳಿತಿರುತ್ತದೆ.

ಮುಂದಿನ ವರ್ಷ ಎಸ್.ಎಸ್.ಎಲ್.ಸಿ. ಇದೆಯಲ್ಲ ಎಂಬ ಆಕ್ಷೇಪವೊಂದು ಉಳಿಯಿತು. ದಿನವೆಲ್ಲ ಕುಳಿತ ಮಗುವಿಗೆ ಕೊನೆಯ ಅವಧಿಯಲ್ಲಿ ಕಲಿಸಿದ ಬೀಜಗಣಿತ ಎಷ್ಟು ತಲೆಗೆ ಹೋಗುತ್ತದೆಂಬುದನ್ನು ಕಲಿಸಿದವರೇ ಬಲ್ಲರು.

ಸಾಲಿನ ಕೊನೆಯಲ್ಲಿ ನಿಂತವರು ಏನು ಮಾಡಬಲ್ಲರೆಂಬುದನ್ನು ಮೊದಲೇ ಅಳೆದು ಹೇಳುವುದು ಸಾಧ್ಯವಿಲ್ಲ. ಹಾಸನ ಜಿಲ್ಲೆಯ ಕೊಸವರ ಎಂಬ ಹಳ್ಳಿಯ, ಎಡಗಾಲಿನ ಊನವುಳ್ಳ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸಿನ ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿ ಬೆಳ್ಳಿಯ ಪದಕ ಪಡೆದರು. ಆ ಕೂಟದಲ್ಲಿ ಭಾರತಕ್ಕೆ ಬಂದುದು ಅದೊಂದೇ ಪದಕ. ಎಲ್ಲ ಮಕ್ಕಳೂ ಪದಕ ತರಬೇಕಾಗಿಲ್ಲ. ತರದವರದ್ದೂ ಆ ಅವಧಿಯೇ.

ಎಲ್ಲರನ್ನೂ ಒಂದೇ ಅವಧಿಯಲ್ಲಿ ಆಡಿಸುವುದು ಸಾಧ್ಯವೇ? ನಲವತ್ತು ಮಕ್ಕಳ ತರಗತಿಯನ್ನು ತೆಗೆದುಕೊಳ್ಳಬಹುದು. ಖೋ ಖೋವಿಗೆ 18, ಕಬಡ್ಡಿಗೆ 14. ಉಳಿದ ಎಂಟು ಮಂದಿಯಲ್ಲಿ ಇಬ್ಬರು ತೀರ್ಪುಗಾರರು, ಇಬ್ಬರು ಅಂಕ ಬರೆಯುವವರು, ನಾಲ್ವರು ಲಗೋರಿಗೆ. ಅರ್ಧ ಅವಧಿ ಕಳೆದ ಮೇಲೆ ಜಾಗಗಳನ್ನು ಬದಲಿಸುವುದು. ಇಂದು ಓಡಲಾರದವಳು ಸೀಟಿ ಹಿಡಿಯಲಿ. ನಾಳೆ ಒಂಬತ್ತರಲ್ಲಿ ಒಬ್ಬಳಾಗಿ ಕುಳಿತುಕೊಳ್ಳಲಿ, ‘ಖೋ’ ಬಿದ್ದಾಗ ಎದ್ದು ನಾಲ್ಕು ಹೆಜ್ಜೆಯಾದರೂ ಓಡಲಿ. ಪುಸ್ತಕದ ಚೀಲಗಳನ್ನು ಬೇವಿನ ಕೊಂಬೆಗೆ ತೂಗುಹಾಕಿದರಾಯಿತು.