ಸಾವಯವ ಅಂದ್ರೆ ಬರೀ ಬಾಟಲಿ ಬದಲಿಸೋದಲ್ಲ

ವಿಜಯಪುರ ಭಾಗದಲ್ಲಿ ಅಕ್ಟೋಬರ್ ಚಾಟ್ನಿ ಆದ ಮೇಲೆ ಮಳೆ ಹಿಡಿದರೆ ಸಾಕು, ‘ದ್ರಾಕ್ಷಿ ಡೌನಿಗೆ ಸಾವಯವ ಔಷಧ ಯಾವುದು?’ ಅಂತ ಹುಡುಕಾಟ ಶುರು. ನನ್ನ ಪ್ರಕಾರ ಮೊದಲ ಔಷಧ ಗಾಳಿ ಮತ್ತು ಬೆಳಕು.

ಡೌನಿ ರೋಗದ ಬೀಜಾಣು ಒದ್ದೆ ಎಲೆಯ ಮೇಲಿನ ನೀರಲ್ಲಿ ಈಜಿಕೊಂಡೇ ಒಳಗೆ ನುಗ್ಗೋದು. ಎಲೆ ಬೇಗ ಒಣಗಿದರೆ ಅದರ ಆಟ ನಡೆಯಲ್ಲ. ಹೆಚ್ಚುವರಿ ಚಿಗುರು ತೆಗೆಯಿರಿ, ರೋಗ ಬಂದ ಎಲೆಗಳನ್ನು ತೋಟದಿಂದ ಹೊರಹಾಕಿ. ಕೂಲಿ ಖರ್ಚು ಇದೆ, ನಿಜ. ಆದರೆ ದಟ್ಟ ಚಪ್ಪರದಲ್ಲಿ ಎಂಥ ಔಷಧ ಹೊಡೆದರೂ ಎಲೆಗಳಿಗೆಲ್ಲ ತಲುಪಲ್ಲ.

ಸಿಂಪಡಣೆ ಆಮೇಲಿನದು. ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಅದ್ದಿದ ಕಬ್ಬಿಣದ ಚಾಕುವಿಗೆ ಕೆಂಪು ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಇಲ್ಲದಿದ್ದರೆ ಎಳೆ ಚಿಗುರು ಸುಡುತ್ತೆ. ಇದು ರೋಗ ತಡೆಯುತ್ತೆ, ಬಂದದ್ದನ್ನು ವಾಸಿ ಮಾಡಲ್ಲ. ತಾಮ್ರ ಮಣ್ಣಲ್ಲೇ ಉಳಿಯುತ್ತೆ, ಹಾಗಾಗಿ ಪದೇ ಪದೇ ಬೇಡ. ಗಂಧಕ ಬೂದಿ ರೋಗಕ್ಕೆ, ಡೌನಿಗಲ್ಲ, ಬಿರುಬಿಸಿಲಲ್ಲಿ ಹೊಡೆಯಬೇಡಿ.

ಅಂಗಡಿಗೆ ಓಡೋ ಮುಂಚೆ ಚಪ್ಪರದ ಕೆಳಗೆ ನಿಂತು ಮೇಲೆ ನೋಡಿ. ಆಕಾಶ ಕಾಣದಿದ್ದರೆ ಮೊದಲು ಕತ್ತರಿ ಹಿಡೀರಿ.