ಟೈಲ್ಸ್ ಆಮೇಲೆ, ಸಂಡಾಸದ ಪೈಪ್ ಮೊದಲು

(1/3)

ಹಿರೇಕೆರೂರು ಕಡೆ ಬಚ್ಚಲಕ್ಕೆ, ಸಂಡಾಸಕ್ಕೆ ಹೊಸ ಟೈಲ್ಸ್ ಬೀಳೋದು ಹೆಚ್ಚಾಗಿ ಮನ್ಯಾಗ ಮದುವಿ ಗೊತ್ತಾದಾಗ. ಬೀಗರು ಬರ್ತಾರ, ಹಳೇ ನೆಲ ಕರ್ರಗಾಗೇತಿ, ಕೈಯಾಗ ಎಂಟು ದಿನ ಅದಾವ. ಗೌಂಡಿ ಬಂದು ನೋಡಿ, "ಒಡಿಯೋದು ಯಾಕ್ರಿ? ಇದರ ಮ್ಯಾಲೇ ಗಮ್ ಹಾಕಿ ಹಚ್ಚಿಬಿಡ್ತೀನಿ, ಎರಡು ದಿನದ ಕೆಲಸ" ಅಂತಾನ. ಕೇಳಾಕ ಚಂದ ಐತಿ, ರೊಕ್ಕಾನೂ ಉಳಿತೈತಿ. ಪಡಸಾಲಿ ಮಾತಾದ್ರ ನಾನೂ ಹೂಂ ಅಂತೀನಿ. ಆದರೆ ಸಂಡಾಸದಾಗ ಕಮೋಡ್ ಅಥವಾ ಪ್ಯಾನ್ ಎತ್ತಿಸದೆ, ಪೈಪಿನ ಬಾಯಿ ನೋಡದೆ ಒಂದು ಟೈಲ್ ಕೂಡ ಹಚ್ಚಿಸಬ್ಯಾಡ್ರಿ.

ಲೆಕ್ಕ ಇಷ್ಟೇ. ಟೈಲ್ ದಪ್ಪ 8ರಿಂದ 10 ಮಿಲಿಮೀಟರ್, ಕೆಳಗಿನ ಗಮ್ 3ರಿಂದ 6. ಅಂದರೆ ನೆಲ ಅರ್ಧ ಇಂಚು ಏರಿತು. ಗಮ್ ಬದಲು ಸಿಮೆಂಟ್ ಕಲಸಿ ಕೂಡಿಸಿದ್ರ ಒಂದೂವರೆ, ಎರಡು ಇಂಚು. ನೆಲ ಏರಿತು, ಪೈಪ್ ಮಾತ್ರ ಇದ್ದಲ್ಲೇ ಉಳೀತು.

ಇದರಾಗ ಗೌಂಡಿದು ತಪ್ಪು ಅಂತ ನಾ ಹೇಳಂಗಿಲ್ಲ. ಅವನಿಗೆ ನಾವು ಕೊಡೋದು ಚದರಡಿ ಲೆಕ್ಕ. ಚದರಡಿ ಲೆಕ್ಕದಾಗ ಪೈಪ್ ಬರಂಗೇ ಇಲ್ಲ. ಪ್ಲಂಬರ್‌ನ ನಾವು ಕರೆಯೋದು ಎಲ್ಲಾ ಮುಗಿದ ಮ್ಯಾಲೆ, ನಳ ತಿರುವಾಕ. ಅಷ್ಟೊತ್ತಿಗೆ ಅವನು ನೋಡಬೇಕಾದ್ದೆಲ್ಲ ಟೈಲ್ಸ್ ಕೆಳಗ ಹೋಗಿರತೈತಿ.

(2/3)

ಮೊದಲು ನಿಮ್ಮ ಕಮೋಡ್ ಯಾವುದು ನೋಡ್ರಿ. ನೆಲದೊಳಗ ಇಳಿದು ಹೋಗೋದು ಎಸ್ ಟ್ರ್ಯಾಪ್, ಹಿಂದಿನ ಗೋಡಿಯೊಳಗ ಹೋಗೋದು ಪಿ ಟ್ರ್ಯಾಪ್.

ಎಸ್ ಟ್ರ್ಯಾಪ್ ಇದ್ರ ನೆಲ ಏರಿದಷ್ಟೂ ಪೈಪಿನ ಬಾಯಿ ಆಳಕ್ಕೆ ಹೋಗತೈತಿ. ರಬ್ಬರ್ ಕನೆಕ್ಟರ್ ಸರಿಯಾಗಿ ಮುಟ್ಟಂಗಿಲ್ಲ. ಆ ಸಂದಿಗೆ ಬಿಳಿ ಸಿಮೆಂಟ್ ತುಂಬಿ ಮುಚ್ಚತಾರ. ಮನುಷ್ಯಾ ಕುಂತಾಗ ಕಮೋಡ್ ಕೂದಲೆಳೆಯಷ್ಟು ಅಲುಗಾಡತೈತಿ, ಸಿಮೆಂಟ್ ಬಿರಿತೈತಿ. ಆಮೇಲೆ ಪ್ರತಿ ಸಲ ಫ್ಲಶ್ ಮಾಡಿದಾಗ ಒಂದೀಟು ನೀರು ಟೈಲ್ಸ್ ಕೆಳಗ. ಮ್ಯಾಲೆ ಏನೂ ಕಾಣಂಗಿಲ್ಲ. ಒಂದಿನ ಸಂದಿ ಕರ್ರಗಾಗಿ ವಾಸನಿ ಬರಾಕ ಹತ್ತತೈತಿ, ನಾವು ಫಿನಾಯಿಲ್ ಮ್ಯಾಲೆ ಫಿನಾಯಿಲ್ ಸುರೀತೀವಿ. ಟೈಲ್ಸ್ ಹಚ್ಚೋ ಮೊದಲೇ ಆಗಿದ್ರ ಒಂದು ತುಂಡು ನಾಲ್ಕಿಂಚಿನ ಪೈಪ್, ಒಂದು ಸಾಕೆಟ್ ಹಾಕಿ ಬಾಯಿ ಮ್ಯಾಲೆ ತಂದ್ರ ಮುಗೀತಿತ್ತು.

ಪಿ ಟ್ರ್ಯಾಪ್‌ನವರಿಗೆ ತಾಪತ್ರಯ ಕಡಿಮಿ. ಕಮೋಡ್ ಅರ್ಧ ಇಂಚು ಏರಿದ್ರ ಸೊಟ್ಟ ಕನೆಕ್ಟರ್ ಸಂಭಾಳಿಸತೈತಿ. ಆದರೆ ಹಳೇ ನೆಲ ಒಡೆದು ಹೊಸದನ್ನ ತಗ್ಗಿಗೆ ಹಾಕಿ, ಕಮೋಡಿನ ಬಾಯಿ ಗೋಡಿ ಪೈಪಿಗಿಂತ ಕೆಳಗ ಬಂತೋ, ಅದನ್ನ ಒಪ್ಪಲೇಬ್ಯಾಡ್ರಿ. ನೀರು ಏರಿಗೆ ಹತ್ತಂಗಿಲ್ಲ.

ಗೋಡಿಗೂ ಹಳೇದರ ಮ್ಯಾಲೇ ಹಚ್ಚಿಸ್ತೀರಂದ್ರ ಇನ್ನೊಂದು ಲೆಕ್ಕ. ಎಸ್ ಟ್ರ್ಯಾಪ್ ಕಮೋಡ್‌ಗಳು ಗೋಡಿಯಿಂದ ತೂತಿನ ನಡುವಿಗೆ ಇಂತಿಷ್ಟು ಅಂತರ ಬೇಡ್ತಾವ, ಒಂಬತ್ತು ಇಂಚಿಂದು, ಹನ್ನೆರಡು ಇಂಚಿಂದು ಅಂತ. ಹೊಸ ಟೈಲ್ ಅದರಾಗ ಅರ್ಧ ಇಂಚು ತಿನ್ನತೈತಿ, ಟಾಕಿ ಗೋಡಿಗೆ ತಾಗತೈತಿ. ರಾಣೆಬೆನ್ನೂರಿಗೋ ಹಾವೇರಿಗೋ ಹೋಗಿ ಕಮೋಡ್ ತರೋ ಮುಂಚೆ ಹೊಸ ಟೈಲಿನ ದಪ್ಪ ಕಳೆದು ಅಳತಿ ಬರ್ಕೊಂಡು ಹೋಗ್ರಿ. (ಯೂಟ್ಯೂಬಿನಾಗ ಅಮೆರಿಕದವರು ತೋರಿಸೋ ಮೇಣದ ಉಂಗುರ ಕೇಳಾಕ ಹೋಗಬ್ಯಾಡ್ರಿ. ಅವರದು ನೆಲದ ಮ್ಯಾಲೆ ಕೂಡೋ ಫ್ಲ್ಯಾಂಜಿನ ಪದ್ಧತಿ, ನಮ್ಮದು ಸಾಕೆಟ್ ಮತ್ತು ರಬ್ಬರ್.)

ನಮ್ಮ ಕಡೆ ಬಾಳ ಮನ್ಯಾಗ ಇನ್ನೂ ಕುಕ್ಕರಗಾಲಲ್ಲಿ ಕೂಡೋ ಪ್ಯಾನೇ ಐತಿ. ನನಗ ಹೆಚ್ಚು ಕಾಳಜಿ ಇರೋದು ಅಲ್ಲೇ. ಪ್ಯಾನಿನ ಅಂಚು ನೆಲದ ಸಮಕ್ಕೆ ಇರಬೇಕು. ಸುತ್ತಲೂ ಟೈಲ್ಸ್ ಏರಿಸಿ ಪ್ಯಾನ್ ಹಂಗೇ ಬಿಟ್ರ ಅದು ತಗ್ಗಾಗತೈತಿ. ರಾತ್ರಿ ಎದ್ದು ಹೋಗೋ ಅಜ್ಜಿಯ ಕಾಲಿಗೆ ಆ ಅರ್ಧ ಇಂಚಿನ ಅಂಚು ಸಾಕು. ಜಳಕದ ನೀರೂ ಸೀದಾ ಪ್ಯಾನಿಗೇ ಹರೀತೈತಿ. 2014ರಲ್ಲಿ ಶುರುವಾದ ಸ್ವಚ್ಛ ಭಾರತ ಮಿಷನ್‌ನಲ್ಲಿ 12,000 ರೂಪಾಯಿ ಪ್ರೋತ್ಸಾಹಧನ ತಗೊಂಡು ಹಳ್ಳಿಗಳಲ್ಲಿ ಕಟ್ಟಿಸಿದ ಸಂಡಾಸಗಳಲ್ಲಿ ಇಂಗುಗುಂಡಿಯವು ಬಾಳ ಅದಾವ. ಒಂದು ಸಲಕ್ಕೆ ಒಂದೆರಡು ಲೀಟರ್ ನೀರು ಹಾಕೋ ಲೆಕ್ಕಕ್ಕೆ ಮಾಡಿದ ಗುಂಡಿ ಅವು. ಇಡೀ ಮನಿ ಜಳಕದ ನೀರು ಬಿಟ್ರ, ಅದೂ ಮಳೆಗಾಲದಾಗ, ಗುಂಡಿ ಏನು ಮಾಡೀತು? ಬಚ್ಚಲ ನೀರಿನ ದಾರಿ ಬ್ಯಾರೇನೇ ಇರಲಿ.

ಪ್ಯಾನ್ ಎತ್ತೋವಾಗ ಒಡಿಬಹುದು, ಹಳೇ ಮಣ್ಣಿನ ಪೈಪ್ ಬಿರೀಬಹುದು, ಅದು ಖರೆ. ಖರ್ಚಿನ ಪಟ್ಟಿಯೊಳಗ ಹೊಸ ಪ್ಯಾನ್ ಮೊದಲೇ ಸೇರಿಸ್ರಿ. ಟೈಲ್ಸ್ ಬೇಕಾದ್ರ ಒಂದು ದರ್ಜೆ ಕಡಿಮಿದು ತಗೋರಿ.

(3/3)

ಬಾಗಿಲ ಹತ್ತಿರ ಬಗ್ಗಿ ನೋಡ್ರಿ. ಬಚ್ಚಲ ನೆಲ ಖೋಲಿ ನೆಲಕ್ಕಿಂತ ಅರ್ಧ ಇಂಚೋ ಒಂದಿಂಚೋ ತಗ್ಗಿರತೈತಿ. ಟೈಲ್ಸ್ ಮ್ಯಾಲೆ ಟೈಲ್ಸ್ ಬಿದ್ರ ಆ ತಗ್ಗು ಮಾಯ, ನೀರು ಮಂಚದ ಕೆಳಗ. ಮೂಲ್ಯಾಗಿನ ನಹಾನಿ ಟ್ರ್ಯಾಪಿನ ಜಾಲಿನೂ ಹೊಸ ನೆಲದ ಮಟ್ಟಕ್ಕೆ ಎತ್ತಿಸಬೇಕು.

ಕಮೋಡನ್ನ ಸಿಮೆಂಟಿನಾಗ ಹುಗಿಯೋ ಪದ್ಧತಿಗೆ ನನ್ನ ಪೂರ್ತಿ ವಿರೋಧ ಐತಿ. ಬೋಲ್ಟ್ ಹಾಕಿ ಬಿಗಿಸ್ರಿ, ಸುತ್ತ ಸಿಲಿಕಾನ್ ಹಚ್ಚಿಸ್ರಿ, ಹಿಂದಿನ ಅಂಚು ಮಾತ್ರ ಖಾಲಿ ಬಿಡ್ರಿ. ಸೋರಿದ್ರ ನೀರು ಅಲ್ಲಿಂದ ಹೊರಗ ಬಂದು ನಿಮಗ ಹೇಳತೈತಿ. ಮುಂದ ರಿಪೇರಿ ಬಂದ್ರ ಒಡಿಯೋದೂ ಬೇಕಾಗಂಗಿಲ್ಲ.

ಕಮೋಡ್ ತೆಗೆದ ತಕ್ಷಣ ಪೈಪಿನ ಬಾಯಿಗೆ ಗೋಣಿಚೀಲದ ತುಂಡು ತುರುಕಿಸ್ರಿ. ಇಲ್ಲಾಂದ್ರ ಕಲಸಿದ ಸಿಮೆಂಟ್ ಒಳಗ ಬಿದ್ದು ಗಟ್ಟಿಯಾಗತೈತಿ, ಆಮೇಲೆ ಮನಿ ಮಂದಿಯೆಲ್ಲ ಬಾತ್‌ರೂಮ್ ಬ್ಲಾಕ್ ಅಂತ ಕೋಲು ಹಿಡ್ಕೊಂಡು ನಿಲ್ಲಬೇಕು. ಹೊಸ ಕಮೋಡ್ ಕೂಡಿಸೋ ಮುಂಚೆ ಆ ಗೋಣಿ ತೆಗಿಸೋದೂ ನೆನಪಿರಲಿ! ಕೂಡಿಸಿದ ಮ್ಯಾಲೆ, ಸಿಲಿಕಾನ್ ಹಚ್ಚೋ ಮುಂಚೆ, ಬುಡಕ್ಕೆ ಒಣಾ ಪೇಪರ್ ಇಟ್ಟು ಬಕೀಟು ನೀರು ಸುರೀರಿ. ಪೇಪರ್ ಹಸಿಯಾದ್ರ ಪ್ಲಂಬರ್ ಇನ್ನೂ ನಿಮ್ಮ ಅಂಗಳದಾಗೇ ಅದಾನ, ಕೂಗ್ರಿ.

ನಿಮ್ಮ ಬಚ್ಚಲ ಬಾಗಿಲಿನ ತಗ್ಗು ಎಷ್ಟೈತಿ? ಸ್ಕೇಲ್ ಇಟ್ಟು ಅಳೆದು ಕಮೆಂಟಿನಾಗ ಹಾಕ್ರಿ.

#ಮನಿಕೆಲಸ #ಹಿರೇಕೆರೂರು #ಬಚ್ಚಲಮನಿ